ವೇಳಾಪಟ್ಟಿಯಲ್ಲಿಲ್ಲದ ನಿಲುಗಡೆ

"ನಿಮ್ಮ ಪ್ರವಾಸದ ವೃತ್ತಾಂತದಲ್ಲಿ ಊರುಗಳ ಹೆಸರು ಬಹಳ, ಆದರೆ ತಾವು ಎಲ್ಲಿಯೂ ಕುಳಿತಂತೆ ಕಾಣುವುದಿಲ್ಲವಲ್ಲ!" ಎಂದು ಓದುಗರೊಬ್ಬರು ಈ ಅಂಕಣಕ್ಕೆ ಬರೆದಿದ್ದಾರೆ. ಆಕ್ಷೇಪಣೆ ನ್ಯಾಯವಾದುದೇ. ಆದರೆ ಇದೇ ಮಾತನ್ನು ಅವರಿಗಿಂತ ಮೊದಲೇ ನನಗೆ ಹೇಳಿದವಳು ನನ್ನ ಮನೆಯಾಕೆ. ಅದನ್ನು ಅವಳು ಹೇಳಿದ್ದು ಉತ್ತರ ಮ್ಯಾಸಿಡೋನಿಯ ದೇಶದಲ್ಲಿ, ಓಹ್ರಿದ್ ಎಂಬ ಸರೋವರತೀರದ ಊರಿನಲ್ಲಿ. ಈ ವಾರ ಆ ಊರಿನ ಕಥೆಯನ್ನೂ, ಅಲ್ಲಿ ನನಗಾದ ಪರಾಭವದ ಕಥೆಯನ್ನೂ ಜೊತೆಯಾಗಿಯೇ ಒಪ್ಪಿಸುತ್ತೇನೆ.

ಹೊಸ ಓದುಗರಿಗಾಗಿ ಎರಡು ಮಾತು. ನಾನು ಮೂವತ್ತಾರು ವರ್ಷ ರೈಲ್ವೆಯಲ್ಲಿ ದುಡಿದು, ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದವನು. ಮಗಳು ಅಳಿಯ ಜರ್ಮನಿಯಲ್ಲಿದ್ದಾರೆ. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ನಾವು ಮೂರು ತಿಂಗಳು ಕಿಟಕಿಯಲ್ಲಿ ಕುಳಿತು ಟ್ರಾಮುಗಳನ್ನು ಎಣಿಸುವುದು ಮಗಳಿಗೆ ಸರಿಬೀಳಲಿಲ್ಲ. "ಅಪ್ಪ, ಈಗಿನ ಹುಡುಗರೆಲ್ಲ ಹೀಗೇ ಊರು ನೋಡುತ್ತಾರೆ. ನೀವೂ ಅಮ್ಮನೂ ಹೊರಡಿ" ಎಂದು ಎರಡು ಬೆನ್ನುಚೀಲಗಳನ್ನು ಕೊಡಿಸಿಯೇ ಬಿಟ್ಟಳು. ಅರುವತ್ತು ದಾಟಿದ ದಂಪತಿಗಳು ಶಾಲೆಯ ಮಕ್ಕಳಂತೆ ಬೆನ್ನಿಗೆ ಚೀಲ ಬಿಗಿದುಕೊಂಡು ನಿಂತಾಗ ಅಳಿಯಂದಿರು ತೆಗೆದ ಚಿತ್ರವನ್ನು ನೋಡಿ, ನಮ್ಮ ನೆಂಟರು ಇನ್ನೂ ನಗುವುದನ್ನು ನಿಲ್ಲಿಸಿಲ್ಲ.

ಚೀಲ ಕೊಡಿಸಿದ್ದು ಮಗಳಾದರೆ, ವೇಳಾಪಟ್ಟಿ ಮಾಡಿದವನು ನಾನು. ಉದ್ದನೆಯ ಹಾಳೆಯ ಮೇಲೆ ಅಡಿಕೋಲಿಟ್ಟು ಗೆರೆ ಎಳೆದು, ಇಪ್ಪತ್ತು ದಿನ, ಐದು ದೇಶ, ಹನ್ನೊಂದು ಊರು ಎಂದು ಲೆಕ್ಕ ಕಟ್ಟಿದೆ. ಯಾವ ಊರಿಗೆ ಎಷ್ಟು ಹೊತ್ತಿಗೆ ಆಗಮನ, ಎಷ್ಟು ಹೊತ್ತಿಗೆ ನಿರ್ಗಮನ, ನಡುವೆ ನೋಡತಕ್ಕ ಸ್ಥಳಗಳಾವುವು ಎಂಬುದಕ್ಕೆಲ್ಲ ಬೇರೆ ಬೇರೆ ಅಂಕಣಗಳು. ನೋಡಿ ಮುಗಿಸಿದ ಸ್ಥಳಕ್ಕೆ ಕೆಂಪು ಮಸಿಯಲ್ಲಿ ಗುರುತು. ಗ್ರೀಸಿನಿಂದ ಹೊರಟು ಏಳು ದಿನಗಳಲ್ಲಿ ಒಂದು ಬಸ್ಸನ್ನೂ ತಪ್ಪಿಸಿಕೊಳ್ಳಲಿಲ್ಲವೆಂಬ ಹೆಮ್ಮೆ ನನಗಿತ್ತು. ಆ ಏಳು ದಿನಗಳಲ್ಲಿ ನನ್ನಾಕೆ ಕ್ರಮೇಣ ಮಾತು ಕಡಿಮೆ ಮಾಡಿದ್ದಳೆಂಬುದು ಮಾತ್ರ ನನ್ನ ಯಾವ ಅಂಕಣದಲ್ಲಿಯೂ ನಮೂದಾಗಲಿಲ್ಲ.

ಓಹ್ರಿದ್ ಸೇರುವ ಮೊದಲು ನಾವು ಆ ದೇಶದ ರಾಜಧಾನಿ ಸ್ಕೋಪ್ಯೆಯಲ್ಲಿ ಒಂದು ದಿನ ಇದ್ದೆವು. ಮುಂದೆ ಕಲ್ಕತ್ತೆಯ ಬಡವರ ತಾಯಿಯಾದ ಮದರ್ ತೆರೇಸಾ 1910ರಲ್ಲಿ ಹುಟ್ಟಿದ ಊರು ಅದು. ಅಲ್ಲಿ ಹಳೆಯ ರೈಲು ನಿಲ್ದಾಣವೊಂದಿದೆ. 1963ನೆಯ ಇಸವಿ ಜುಲೈ 26ರ ಬೆಳಗಿನಲ್ಲಿ ಭೂಕಂಪವಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಊರಿನ ಬಹುಭಾಗ ನೆಲಸಮವಾಯಿತು. ನಿಲ್ದಾಣದ ಅರ್ಧ ಕಟ್ಟಡ ಕುಸಿದು, ಅದರ ದೊಡ್ಡ ಗಡಿಯಾರ 5 ಗಂಟೆ 17 ನಿಮಿಷಕ್ಕೆ ನಿಂತುಹೋಯಿತು. ಊರಿನವರು ಮತ್ತೆ ಅದಕ್ಕೆ ಕೀಲಿ ಕೊಡಲಿಲ್ಲ. ಉಳಿದ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಿ, ಗಡಿಯಾರವನ್ನು ನಿಂತಂತೆಯೇ ಉಳಿಸಿಕೊಂಡಿದ್ದಾರೆ. ನನ್ನಾಕೆ ಅದರ ಕೆಳಗೆ ಬಹಳ ಹೊತ್ತು ನಿಂತಳು. ನಾನೋ, ನಿಂತ ಗಡಿಯಾರವನ್ನು ನೋಡಿಯೂ ಅಭ್ಯಾಸಬಲದಿಂದ ನನ್ನ ಕೈಗಡಿಯಾರವನ್ನು ನೋಡಿಕೊಂಡು, "ಬಸ್ಸಿಗೆ ಹೊತ್ತಾಯಿತು, ನಡೆ" ಎಂದೆ.

ಸ್ಕೋಪ್ಯೆಯಿಂದ ಓಹ್ರಿದಿಗೆ ಬಸ್ಸಿನಲ್ಲಿ ಮೂರೂವರೆ ಗಂಟೆ ಹಿಡಿಯಿತು. ಸೆಪ್ಟೆಂಬರಿನ ದಿನಗಳು. ಬೆಟ್ಟದ ದಾರಿ ಇಳಿದು ಊರು ಸೇರುವಾಗ ಕತ್ತಲಾಗುತ್ತಿತ್ತು. ಕಡಿದಾದ ಓಣಿಯೊಂದರಲ್ಲಿ ಒಬ್ಬ ವೃದ್ಧೆಯ ಮನೆಯ ಮಹಡಿಯ ಕೋಣೆಯನ್ನು ಒಂದು ರಾತ್ರಿಗೆ ಗೊತ್ತುಮಾಡಿದ್ದೆ. ಮಾರನೆಯ ದಿನ ಬೆಳಿಗ್ಗೆಯೇ ಅಲ್ಬೇನಿಯದ ಬಸ್ಸು. ಚೀಲ ಇಳಿಸಿ, ಕಿಟಕಿ ತೆರೆದು, ಕೆಳಗೆ ಕಪ್ಪಗೆ ಹೊಳೆಯುತ್ತಿದ್ದ ನೀರನ್ನು ನೋಡಿ, 'ಓಹ್ರಿದ್ ಸರೋವರ' ಎಂಬಲ್ಲಿ ಕೆಂಪು ಗುರುತು ಹಾಕಿ ಮಲಗಿದೆ.

ಬೆಳಿಗ್ಗೆ ಆರೂವರೆಗೆ ನಾನು ಚೀಲ ಬಿಗಿದು ಸಿದ್ಧನಾಗಿ ಬಂದರೆ, ನನ್ನಾಕೆ ಮೊಗಸಾಲೆಯ ಮೆಟ್ಟಿಲ ಮೇಲೆ ಕುಳಿತು, ಮನೆಯೊಡತಿ ಕೊಟ್ಟ ಗಸಿಗಾಫಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಚೀಲ ಕಟ್ಟಿರಲಿಲ್ಲ.

"ಏಳು, ಹೊತ್ತಾಯಿತು" ಎಂದೆ.

"ನಾನು ಬರುವುದಿಲ್ಲ. ನೀವು ಬೇಕಾದರೆ ಹೋಗಿ ಬನ್ನಿ."

"ಏಕೆ? ಮೊಣಕಾಲು ನೋವೆ?"

"ಮೊಣಕಾಲು ಏಳು ದಿನದಿಂದಲೂ ನೋಯುತ್ತಿದೆ. ಅದಕ್ಕಲ್ಲ. ಕಣ್ಣ ಮುಂದೆ ಇಷ್ಟು ನೀರಿದೆ. ನಾನಿನ್ನೂ ನೋಡಿಯೇ ಇಲ್ಲ."

"ನಿನ್ನೆ ನೋಡಿದೆವಲ್ಲ! ಗುರುತು ಕೂಡ ಹಾಕಿದ್ದೇನೆ."

"ನೀವು ಗುರುತು ಹಾಕಿದಿರಿ. ನಾನು ನೋಡಲಿಲ್ಲ."

ನಾನು ಬಸ್ಸು, ಟಿಕೆಟ್ಟು, ಮುಂದಿನ ಊರಿನ ಕೋಣೆ ಎಂದು ಏನೇನೋ ವಾದ ಹೂಡಿದೆ. ಅವಳು ಸಿಟ್ಟಾಗಲಿಲ್ಲ. ಲೋಟವನ್ನು ಕೆಳಗಿಟ್ಟು ಮೆಲ್ಲನೆ ಹೇಳಿದಳು: "ಕ್ವಾರ್ಟರ್ಸಿನಲ್ಲಿದ್ದಷ್ಟು ಕಾಲವೂ ನೀವು ಊಟಕ್ಕೆ ಕುಳಿತರೂ ಕಿವಿ ಹಳಿಯ ಮೇಲಿರುತ್ತಿತ್ತು. ಅದು ನಿಮ್ಮ ಕೆಲಸ. ನಾನು ಅಡ್ಡ ಬರಲಿಲ್ಲ. ಈಗ ಯಾವ ಗಾಡಿ ಬರಬೇಕಾಗಿದೆ, ಹೇಳಿ?"

ಓದುಗರೇ, ಮೂವತ್ತಾರು ವರ್ಷಗಳಲ್ಲಿ ಮೇಲಧಿಕಾರಿಗಳ ಎಷ್ಟೋ ಪ್ರಶ್ನೆಗಳಿಗೆ ತಡಮಾಡದೆ ಉತ್ತರ ಬರೆದವನು ನಾನು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಬೇನಿಯದ ಬಸ್ಸು ನಮ್ಮನ್ನು ಬಿಟ್ಟು ಹೊರಟುಹೋಯಿತು. ನಾನು ಚೀಲ ಇಳಿಸಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕುಳಿತೆ.

ಕುಳಿತ ಮೇಲೆ ಕಣ್ಣಿಗೆ ಬಿದ್ದುದನ್ನು ಹೇಳುತ್ತೇನೆ. ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 690 ಮೀಟರು ಎತ್ತರದಲ್ಲಿ, ಮೂವತ್ತು ಕಿಲೋಮೀಟರು ಉದ್ದ, ಹದಿನೈದು ಕಿಲೋಮೀಟರು ಅಗಲಕ್ಕೆ ನೀರು ಹಬ್ಬಿದೆ. ಆಳವಾದ ಕಡೆ 280 ಮೀಟರಿಗೂ ಮಿಕ್ಕಿದೆ. ಆಚೆಯ ದಡ ಅಲ್ಬೇನಿಯ. ಸೂರ್ಯ ಮೇಲೇರಿದಂತೆ ಬೂದುಬಣ್ಣದ ನೀರು ಹಸಿರಾಗಿ, ಹಸಿರು ನೀಲಿಯಾಗಿ, ನಡುಹಗಲಿಗೆ ದಡದ ಕಲ್ಲುಗಳು ಆಳದಲ್ಲಿಯೂ ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ಲೋಕದ ಬಹುತೇಕ ಸರೋವರಗಳು ಸಾವಿರಾರು ವರ್ಷಗಳಲ್ಲಿ ಹೂಳು ತುಂಬಿ ಮುಗಿದುಹೋಗುತ್ತವೆ. ಇದು ಹಾಗಲ್ಲ. 2013ರಲ್ಲಿ ವಿಜ್ಞಾನಿಗಳು ತಳವನ್ನು ಕೊರೆದು, ಪದರ ಪದರವಾಗಿ ಕೆಸರನ್ನು ಮೇಲೆತ್ತಿ ಪರೀಕ್ಷಿಸಿದಾಗ, ಇದಕ್ಕೆ ಹದಿಮೂರು ಲಕ್ಷಕ್ಕೂ ಹೆಚ್ಚು ವರ್ಷ ವಯಸ್ಸೆಂದು ತಿಳಿಯಿತು. ಬೇರೆಲ್ಲಿಯೂ ಇಲ್ಲದ ಇನ್ನೂರಕ್ಕೂ ಹೆಚ್ಚು ಬಗೆಯ ಜೀವಿಗಳು ಇಲ್ಲಿವೆ. ಒಮ್ಮೆ ಇದರೊಳಗೆ ಸೇರಿದ ನೀರು ಹೊರಗೆ ಹೋಗಲು ಸರಾಸರಿ ಎಪ್ಪತ್ತು ವರ್ಷ ಹಿಡಿಯುತ್ತದಂತೆ. ಒಂದೇ ರಾತ್ರಿಗೆಂದು ಬಂದಿದ್ದ ನನಗೆ ಈ ಲೆಕ್ಕ ಕೇಳಿ ಸ್ವಲ್ಪ ನಾಚಿಕೆಯಾಯಿತು.

ಆ ದಿನವೆಲ್ಲ ನಾವು ಏನೂ ಮಾಡಲಿಲ್ಲ. ಏನೂ ಮಾಡದಿರುವುದು ಎಷ್ಟು ಕಷ್ಟವೆಂಬುದು ನನಗೆ ಗೊತ್ತಿರಲಿಲ್ಲ. ಗಂಟೆಗೆ ನಾಲ್ಕು ಸಲ ಕೈಗಡಿಯಾರ ನೋಡಿಕೊಂಡೆ. ಸಂಜೆ ಊರಿನವರು ಮಕ್ಕಳುಮರಿಗಳೊಡನೆ ನೀರಿನ ದಡದುದ್ದಕ್ಕೂ ಅಡ್ಡಾಡುವುದನ್ನು ನೋಡಿದೆವು. ಯಾರಿಗೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕೊನೆಯವರೆಗೆ ನಡೆದು ಹಿಂದಿರುಗುತ್ತಿದ್ದರು, ಅಷ್ಟೆ.

ಎರಡನೆಯ ದಿನ ಹಳೆಯ ಊರನ್ನು ಸುತ್ತಿದೆವು. ಇಲ್ಲಿನ ಮನೆಗಳ ಮೇಲಂತಸ್ತು ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿ, ಓಣಿಯ ಎರಡು ಬದಿಯ ಮನೆಗಳು ತಲೆಗೆ ತಲೆ ತಾಗಿಸಿ ಗುಟ್ಟು ಹೇಳುವಂತಿವೆ. ಪೇಟೆಯ ತುದಿಯಲ್ಲಿ ಹೊಟ್ಟೆ ಟೊಳ್ಳಾದ ಒಂದು ಚಿನಾರ್ ಮರವಿದೆ, ಒಂಬೈನೂರು ವರ್ಷದ್ದೆನ್ನುತ್ತಾರೆ. ವರ್ಷದ ದಿನಕ್ಕೊಂದರಂತೆ 365 ಇಗರ್ಜಿಗಳಿದ್ದುವೆಂದು ಊರಿನವರ ಹೇಳಿಕೆ. ಬಂಡೆಯ ತುದಿಯಲ್ಲಿ ನೀರಿಗೆ ಬಾಗಿ ನಿಂತಿರುವ ಕಾನೆಯೋದ ಸಂತ ಯೋಹಾನನ ಗುಡಿ ಚಿಕ್ಕದು, ಚೆಲುವಾದುದು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಲಿಮೆಂಟ್ ಎಂಬ ಸಂತ ಈ ಸೀಮೆಗೆ ಬಂದು, ಸ್ಲಾವ್ ಜನಕ್ಕೆ ಅವರದೇ ನುಡಿಯಲ್ಲಿ ಓದುಬರಹ ಕಲಿಸಿದನು. ಅವನ ಶಿಷ್ಯರು 3,500 ಮಂದಿಯೆಂದು ಪರಂಪರೆ ಹೇಳುತ್ತದೆ. ನಮ್ಮಲ್ಲಿ ಕವಿರಾಜಮಾರ್ಗ ಹುಟ್ಟಿದ ಶತಮಾನವೇ ಅದು. ಅಷ್ಟು ದೂರದ ಎರಡು ನಾಡುಗಳಲ್ಲಿ ಜನರ ನುಡಿ ಒಂದೇ ಕಾಲಕ್ಕೆ ತಲೆಯೆತ್ತಿತೆಂದು ನೆನೆದು ಸಂತೋಷವಾಯಿತು.

ಮಧ್ಯಾಹ್ನ ಮನೆಗೆ ಬಂದರೆ ಓಣಿಯೆಲ್ಲ ಘಮಘಮಿಸುತ್ತಿತ್ತು. ಅದು ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ಕಾಲ. ಮನೆ ಮನೆಯ ಅಂಗಳದಲ್ಲಿಯೂ ಒಲೆ ಹೂಡಿ, ಕಾಯನ್ನು ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆಯಲ್ಲಿ ಗಂಟೆಗಟ್ಟಲೆ ಕುದಿಸಿ, 'ಅಯ್ವಾರ್' ಎಂಬ ಗೊಜ್ಜನ್ನು ಚಳಿಗಾಲಕ್ಕೆ ಭರಣಿಗಳಲ್ಲಿ ತುಂಬಿಡುತ್ತಾರೆ. ನನ್ನಾಕೆ ಕೇಳದೆಯೇ ಮನೆಯೊಡತಿಯ ಎದುರಿಗೆ ಕುಳಿತು ಸಿಪ್ಪೆ ಸುಲಿಯತೊಡಗಿದಳು. ಆ ಮುದುಕಿಗೆ ಕನ್ನಡವಿಲ್ಲ, ಇವಳಿಗೆ ಮ್ಯಾಸಿಡೋನಿಯದ ನುಡಿಯಿಲ್ಲ. ಆದರೂ ಸಂಜೆಯೊಳಗೆ, ಆಕೆಯ ಗಂಡ ತೀರಿಕೊಂಡು ಎಷ್ಟು ವರ್ಷವಾಯಿತು, ಮಗ ಯಾವ ದೇಶದಲ್ಲಿ ದುಡಿಯುತ್ತಿದ್ದಾನೆ, ಮೊಮ್ಮಗಳಿಗೆ ಎಷ್ಟು ಹಲ್ಲು ಬಂದಿವೆ ಎಂಬುದೆಲ್ಲ ಇವಳಿಗೆ ಗೊತ್ತಾಗಿತ್ತು. ಇವಳು ತನ್ನ ಚೀಲದಿಂದ ಬ್ಯಾಡಗಿಯ ಪುಡಿಯನ್ನು ಒಂದು ಚಿಟಿಕೆ ಆ ಗೊಜ್ಜಿಗೆ ಹಾಕಿ ಕೊಟ್ಟಾಗ, ಮುದುಕಿ ಕಣ್ಣರಳಿಸಿ, ಇನ್ನೊಂದು ಚಿಟಿಕೆಗೆ ಕೈ ಚಾಚಿದಳು. ರಾತ್ರಿ ನಮಗೆ ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಬಿಳಿ ಹುರುಳಿಕಾಯಿ ಬೀಜದ ಅಡುಗೆ, 'ತವ್ಚೆ ಗ್ರಾವ್ಚೆ'. ಶಾಕಾಹಾರಿಗಳು ಪರದೇಶದಲ್ಲಿ ಹಸಿದಿರಬೇಕಾಗುತ್ತದೆಂದು ಹೆದರುವವರು ಈ ಎರಡು ಹೆಸರುಗಳನ್ನು ಬರೆದಿಟ್ಟುಕೊಳ್ಳಬಹುದು.

ಮೂರನೆಯ ದಿನ ದೋಣಿ ಹತ್ತಿ, ಸರೋವರದ ದಕ್ಷಿಣದ ತುದಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರು ದೂರದ ಸಂತ ನಾವುಮನ ಮಠಕ್ಕೆ ಹೋದೆವು. ನಾವುಮ್ ಕ್ಲಿಮೆಂಟನ ಸಂಗಾತಿ, 910ರಲ್ಲಿ ತೀರಿಕೊಂಡವನು. ಮಠದ ಅಂಗಳದಲ್ಲಿ ನವಿಲುಗಳು ಯಾರ ಹಂಗೂ ಇಲ್ಲದೆ ಓಡಾಡುತ್ತವೆ. ಒಳಗಿನ ಪುಟ್ಟ ಕೋಣೆಯಲ್ಲಿ ಸಂತನ ಸಮಾಧಿಯಿದೆ. ಅದರ ಕಲ್ಲಿಗೆ ಕಿವಿಯಿಟ್ಟರೆ ಸಂತನ ಎದೆಬಡಿತ ಕೇಳಿಸುತ್ತದೆಂದು ಭಕ್ತರ ನಂಬಿಕೆ.

ಕಿವಿಯಿಡುವುದು ನನಗೆ ಹೊಸತಲ್ಲ. ಚಿಕ್ಕಂದಿನಲ್ಲಿ ಹಳಿಗೆ ಕಿವಿಯಿಟ್ಟು ಗಾಡಿ ಬರುವುದನ್ನು ಕಂಡುಹಿಡಿಯುತ್ತಿದ್ದವನು. ಬಾಗಿ ಕಿವಿಯಿಟ್ಟೆ. ಏನೋ ಮಿಡಿಯಿತು. ಅದು ಸಂತನದೋ ನನ್ನದೇ ನೆತ್ತರಿನದೋ ಹೇಳಲಾರೆ. ನನ್ನಾಕೆಯೂ ಕಿವಿಯಿಟ್ಟಳು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣು ಒದ್ದೆಯಾಗಿತ್ತು. ನಾನು ಏನೂ ಕೇಳಲಿಲ್ಲ, ಕೇಳುವ ಅಭ್ಯಾಸವಿರಲಿಲ್ಲ.

ಮಠದ ಪಕ್ಕದಲ್ಲಿಯೇ ಊಟೆಗಳಿವೆ. ಹುಟ್ಟುಹಾಕುವ ಸಣ್ಣ ದೋಣಿಯಲ್ಲಿ ಅಲ್ಲಿಗೆ ಕರೆದೊಯ್ಯುತ್ತಾರೆ. ಮರಗಳ ನೆರಳಿನಲ್ಲಿ ನೀರು ಗಾಜಿನಂತಿದೆ. ತಳದ ಮರಳು ಅನ್ನ ಕುದಿಯುವಂತೆ ಅಲ್ಲಲ್ಲಿ ಕುದಿಯುತ್ತಿದೆ. ಮುಟ್ಟಿದರೆ ಮಾತ್ರ ಕೈ ಕೊರೆಯುವ ತಣ್ಪು. ದೋಣಿಯವನು ಇಂಗ್ಲಿಷು ಬಲ್ಲವನು. ಅದರ ಮೂಲವನ್ನು ವಿವರಿಸಿದನು. ಗಾಲಿಚಿತ್ಸ ಬೆಟ್ಟದ ಆಚೆ, ಇದಕ್ಕಿಂತ ಸುಮಾರು 150 ಮೀಟರು ಎತ್ತರದಲ್ಲಿ ಪ್ರೆಸ್ಪಾ ಎಂಬ ಇನ್ನೊಂದು ಸರೋವರವಿದೆ. ಅದರಿಂದ ಹೊರಗೆ ಹರಿಯುವ ನದಿಯೇ ಇಲ್ಲ. ಅದರ ನೀರು ಸುಣ್ಣಕಲ್ಲಿನ ಬೆಟ್ಟದೊಳಗೆ ಇಂಗಿ, ಕತ್ತಲೆಯಲ್ಲಿಯೇ ಹರಿದು, ಬೆಟ್ಟದ ಮಳೆನೀರನ್ನೂ ಕೂಡಿಕೊಂಡು ಇಲ್ಲಿ ಬುಗ್ಗೆಯಾಗಿ ಏಳುತ್ತದೆ.

ಹಾವುಮೀನಿನ ಸಂಗತಿಯನ್ನೂ ಅವನೇ ಹೇಳಿದನು. ಈ ಸರೋವರದಲ್ಲಿ ಬೆಳೆದ ಹಾವುಮೀನು ವಯಸ್ಸಿಗೆ ಬಂದಾಗ, ಉತ್ತರದ ಸ್ಟ್ರೂಗಾ ಊರಿನ ಬಳಿ ಹೊರಡುವ ಕಪ್ಪು ದ್ರಿಮ್ ನದಿಗೆ ಇಳಿದು, ಸಮುದ್ರ ಸೇರಿ, ಅಟ್ಲಾಂಟಿಕ್ ಸಾಗರದ ಆಚೆಯ ಸರ್ಗಾಸೋ ಸಮುದ್ರದವರೆಗೆ ಈಜಿ, ಅಲ್ಲಿ ಮೊಟ್ಟೆಯಿಟ್ಟು ಸಾಯುತ್ತಿತ್ತು. ಮರಿಗಳು ಸಾಗರದ ಪ್ರವಾಹದಲ್ಲಿ ತೇಲಿ ಬಂದು, ಬೆಳೆಯುತ್ತ ನದಿಯನ್ನೇರಿ ಮತ್ತೆ ಇಲ್ಲಿಗೆ ಬರುತ್ತಿದ್ದುವು. 1960ರ ದಶಕದಲ್ಲಿ ವಿದ್ಯುಚ್ಛಕ್ತಿಗಾಗಿ ನದಿಗೆ ಅಣೆಕಟ್ಟುಗಳು ಬಂದುವು. ಅಲ್ಲಿಗೆ ಹೋಗುವ ದಾರಿಯೂ ಮುಗಿಯಿತು, ಬರುವ ದಾರಿಯೂ ಮುಗಿಯಿತು. ಮರಿಗಳನ್ನು ಬೇರೆ ಕಡೆಯಿಂದ ತಂದು ಸರೋವರಕ್ಕೆ ಬಿಡುವ ಪದ್ಧತಿ ಆಮೇಲೆ ಬಂತು.

"ಹಾಗಾದರೆ ಕಾಲ ಬಂದಾಗ ಅವು ಏನು ಮಾಡುತ್ತವೆ?" ಎಂದು ನನ್ನಾಕೆ ಕೇಳಿದಳು. ನಾನು ಪ್ರಶ್ನೆಯನ್ನು ಅನುವಾದಿಸಿದೆ. ದೋಣಿಯವನು ಹುಟ್ಟು ನಿಲ್ಲಿಸಿ, "ಹೊರಡುತ್ತವೆ. ಕಟ್ಟೆಯಿರುವುದು ಅವಕ್ಕೆ ಗೊತ್ತಿಲ್ಲವಲ್ಲ" ಎಂದನು.

ಹಿಂದಿರುಗುವ ದೋಣಿಯಲ್ಲಿ ಅವಳು ತಾನಾಗಿಯೇ ಮಾತೆತ್ತಿದಳು. "ಅಪ್ಪ ಹೋದ ರಾತ್ರಿ ಅವರ ಎದೆಯ ಮೇಲೆ ಕಿವಿಯಿಟ್ಟುಕೊಂಡು ಕುಳಿತಿದ್ದೆ. ಮೂರು ಗಂಟೆಯವರೆಗೆ ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ. ಇವತ್ತು ಆ ಕಲ್ಲಿನ ಹತ್ತಿರ ಅದೇ ನೆನಪಾಯಿತು."

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮಾತು. ಮಾವನವರ ಊರು ನಮ್ಮ ಜಂಕ್ಷನ್ನಿನಿಂದ ಒಂದು ಗಂಟೆಯ ದಾರಿ. ಕಾಯಿಲೆ ಹೆಚ್ಚಾಗಿದೆಯೆಂದು ಮಧ್ಯಾಹ್ನವೇ ಸುದ್ದಿ ಬಂದಿತ್ತು. ಜಾತ್ರೆಯ ಕಾಲ, ವಿಶೇಷ ಗಾಡಿಗಳಿದ್ದುವು. ರಜೆ ಕೇಳಿದ್ದರೆ ಸಿಗುತ್ತಿತ್ತು. ನಾನು ಕೇಳಲಿಲ್ಲ. ನಾಳೆ ಹೋದರಾಯಿತೆಂದು ಅವಳನ್ನು ಮಗುವಿನೊಡನೆ ಗಾಡಿ ಹತ್ತಿಸಿ ಕಳಿಸಿದೆ. ಗಾಡಿ ಸರಿಯಾದ ಹೊತ್ತಿಗೆ ಹೊರಟಿತೆಂಬುದು ಇಂದಿಗೂ ನೆನಪಿದೆ. ಮಾರನೆಯ ದಿನ ನಾನು ತಲುಪುವಾಗ ಎಲ್ಲ ಮುಗಿದಿತ್ತು. ಕರ್ಮಗಳೆಲ್ಲ ಕ್ರಮವಾಗಿ ನಡೆದುವು. ಖರ್ಚಿಗೆ ಹಣವನ್ನೂ ಕೊಟ್ಟೆ. ಆದರೆ ಆ ರಾತ್ರಿ ಹೇಗಾಯಿತೆಂದು ಅವಳನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕೆಂದು ತೋರಿರಲೂ ಇಲ್ಲ.

"ಹೇಳು, ಆಮೇಲೆ ಏನಾಯಿತು?" ಎಂದೆ.

ಅವಳು ಹೇಳಿದಳು. ದೋಣಿ ಓಹ್ರಿದಿನ ಕಟ್ಟೆ ಮುಟ್ಟಿದರೂ ಮಾತು ಮುಗಿದಿರಲಿಲ್ಲ. ದಡದ ಕಲ್ಲುಬೆಂಚಿನ ಮೇಲೆ ಕುಳಿತು ಉಳಿದುದನ್ನೂ ಹೇಳಿದಳು. ಅವಳ ತಂದೆ ಕೊನೆಯಲ್ಲಿ ನನ್ನ ಹೆಸರು ಹಿಡಿದು ಕೇಳಿದ್ದರೆಂದೂ, ಅದನ್ನು ನನಗೆ ಹೇಳಿದರೆ ನೊಂದುಕೊಳ್ಳುವೆನೆಂದು ತಾನು ಇಷ್ಟು ವರ್ಷ ಮುಚ್ಚಿಟ್ಟಿದ್ದಳೆಂದೂ ಆಗ ತಿಳಿಯಿತು. ನಾನು "ತಪ್ಪಾಯಿತು" ಎಂದೆ. ಇಪ್ಪತ್ತೊಂಬತ್ತು ವರ್ಷ ತಡವಾಗಿ ಬಂದ ಗಾಡಿ ಅದು. ಅವಳು "ಆಗಲಿ ಬಿಡಿ" ಎಂದಳು. ಅಷ್ಟರಲ್ಲಿ ಬೆಟ್ಟದ ಹಿಂದೆ ಸೂರ್ಯ ಮುಳುಗಿ, ಊರಿನ ಜನ ಎಂದಿನಂತೆ ಅಡ್ಡಾಡಲು ಬಂದಿದ್ದರು. ನಾವೂ ಎದ್ದು ಅವರೊಡನೆ ಕೊನೆಯವರೆಗೆ ನಡೆದು ಹಿಂದಿರುಗಿದೆವು.

ನಾಲ್ಕನೆಯ ದಿನವೂ ಹೊರಡಲಿಲ್ಲ. ಪೇಟೆಯಲ್ಲಿ ಓಹ್ರಿದಿನ ಮುತ್ತು ಕೊಂಡೆವು. ಅದು ಸಮುದ್ರದ ಮುತ್ತಲ್ಲ. ಚಿಪ್ಪಿನಿಂದ ಮಾಡಿದ ಮಣಿಗೆ, ಈ ಸರೋವರದ 'ಪ್ಲಾಶಿತ್ಸ' ಎಂಬ ಸಣ್ಣ ಮೀನಿನ ಹುರುಪೆಯಿಂದ ತೆಗೆದ ಲೇಪವನ್ನು ಪದರ ಪದರವಾಗಿ ಬಳಿದು ಹೊಳಪು ತರುತ್ತಾರೆ. ಲೇಪದ ಗುಟ್ಟನ್ನು ಕುಶಲಿಗಳ ಮನೆತನಗಳು ಹೊರಗೆ ಬಿಡುವುದಿಲ್ಲ. ಮಗಳಿಗೊಂದು ಸರ ಕೊಳ್ಳಲು ಹೋದವನು ಎರಡು ಕೊಂಡೆ. "ಇನ್ನೊಂದು ಯಾರಿಗೆ?" ಎಂದು ನನ್ನಾಕೆ ಕೇಳಿದ ಬಗೆ ನೋಡಿದರೆ, ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಹೋಗಬೇಕೆನ್ನುವ ಓದುಗರಿಗೆ ಕೆಲವು ಸಂಗತಿಗಳು. 1979ರಲ್ಲಿ ಸರೋವರವನ್ನೂ, 1980ರಲ್ಲಿ ಊರನ್ನೂ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2019ರಲ್ಲಿ ಅಲ್ಬೇನಿಯದ ಭಾಗವೂ ಸೇರಿತು. ಹೀಗೆ ಹೆಸರು ಬಂದುದರಿಂದಲೇ ದಡದಲ್ಲಿ ಕಟ್ಟಡಗಳು ಏಳುತ್ತಿವೆ. ಅದೇ ಸಂಸ್ಥೆ ಅದಕ್ಕಾಗಿ ಎಚ್ಚರಿಕೆಯನ್ನೂ ಕೊಟ್ಟಿದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಜನಸಂದಣಿ ವಿಪರೀತ. ಸೆಪ್ಟೆಂಬರು ಹಿತವಾದುದು. ಸುಕ್ಕುಗಟ್ಟಿದ ಕಲ್ಲುಹಾಸಿನ ಓಣಿಗಳು ಮೊಣಕಾಲಿಗೆ ಕಷ್ಟ. ಕೆಳಗಿನ ಪೇಟೆಯಲ್ಲಿ ಕೋಣೆ ಹಿಡಿಯುವುದು ವಾಸಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ರಾತ್ರಿಗೆಂದು ಹೋಗಬೇಡಿ.

ಐದನೆಯ ದಿನ ಬೆಳಿಗ್ಗೆ ಹೊರಟೆವು. ಹನ್ನೊಂದು ಊರುಗಳ ಪಟ್ಟಿ ಏಳಕ್ಕೆ ಇಳಿಯಿತು. ಬಿಟ್ಟ ಊರುಗಳಿಗಾಗಿ ನನಗೆ ಈಗ ಅಷ್ಟೇನೂ ವ್ಯಥೆಯಿಲ್ಲ. ಮುದುಕಿ ನನ್ನಾಕೆಯ ಚೀಲಕ್ಕೆ ಗೊಜ್ಜಿನ ಭರಣಿಯೊಂದನ್ನು ತುರುಕಿ, ಅವಳ ಎರಡು ಕೆನ್ನೆಗಳಿಗೂ ಮುತ್ತಿಟ್ಟಳು. ಬಸ್ಸು ಹತ್ತಿದ ಮೇಲೆ ವೇಳಾಪಟ್ಟಿಗಾಗಿ ಕಿಸೆ ತಡಕಿದೆ. ಇರಲಿಲ್ಲ. ಮೊಗಸಾಲೆಯ ಮೇಜು ಅಲುಗುತ್ತದೆಂದು ಅದನ್ನು ನಾಲ್ಕು ಮಡಿಕೆ ಮಾಡಿ ಅದರ ಕಾಲಿನ ಕೆಳಗಿಟ್ಟಿದ್ದಾಗಿ ನನ್ನಾಕೆ ಒಪ್ಪಿಕೊಂಡಳು.

ಊರಿಗೆ ಬಂದ ಮೇಲೆ ಸಂಜೆ ನಾವಿಬ್ಬರೂ ಜಗಲಿಯ ಮೇಲೆ ಕುಳಿತುಕೊಳ್ಳುವುದುಂಟು. ದೂರದಲ್ಲಿ ಗಾಡಿಯ ಸಿಳ್ಳು ಕೇಳಿದರೆ ಕೈ ತಾನಾಗಿಯೇ ಗಡಿಯಾರದ ಕಡೆಗೆ ಹೋಗುತ್ತದೆ. ಅಭ್ಯಾಸ ಅಷ್ಟು ಸುಲಭವಾಗಿ ಬಿಡದು. ಆಗ ಅವಳು ನನ್ನ ಮುಖ ನೋಡುತ್ತಾಳೆ. ನಾನು ಗಡಿಯಾರ ಬಿಟ್ಟು, ಅವಳು ಹೇಳುತ್ತಿದ್ದ ಮಾತು ಎಲ್ಲಿಗೆ ನಿಂತಿತೆಂದು ಕೇಳುತ್ತೇನೆ.